ಹತ್ತರ ಸ್ಪ್ಯಾನರ್

ನನ್ನ ಗಂಡ ಶಿವಕುಮಾರಸ್ವಾಮಿ ಮೊಬೈಲಿನಲ್ಲಿ ಎರಡು ವಿಡಿಯೋ ನೋಡಿದರೆ ಸಾಕು, ಮೈಮೇಲೆ ಮೆಕ್ಯಾನಿಕ್ ಬಂದುಬಿಡುತ್ತಾನೆ. ಅವತ್ತು ಅಮಾವಾಸ್ಯೆ. ಹನೂರಿನ ಮೆಕ್ಯಾನಿಕ್ ದೇವರಾಜು ಅಂಗಡಿ ಮುಚ್ಚಿ ಅಮಾವಾಸ್ಯೆ ಪೂಜೆಗೆ ಬೆಟ್ಟದ ದೇವಸ್ಥಾನಕ್ಕೆ ಹೋಗಿದ್ದ. ಬ್ಯಾಟರಿ ಬದಲಾಯಿಸೋಕೆ ಅವನ್ಯಾಕೆ ಅಂತ ಇವರು ಬೆಳಿಗ್ಗೆಯೇ ಅಜ್ಜೀಪುರದ ನಮ್ಮ ಮನೆ ಮುಂದೆ ಹಳೇ ಕಾರಿನ ಬಾನೆಟ್ ಎತ್ತಿದರು. ವೈರು ಬಿಚ್ಚಿದ್ದೇ ತಡ, ಹತ್ತರ ಸ್ಪ್ಯಾನರ್ ಕೈಜಾರಿ ಎಂಜಿನ್ ಸಂದಿಯಲ್ಲಿ ಇಳಿದು, ಎಂಜಿನ್ ಅಡಿಗೆ ಹೊದಿಸಿದ ತಗಡಿನ ಗಾರ್ಡಿನೊಳಗೆ ಎಲ್ಲೋ ಸಿಕ್ಕಿಕೊಂಡಿತು. ಆ ಗಾರ್ಡ್ ಬಿಚ್ಚುವುದಕ್ಕೂ ಅದೇ ಸ್ಪ್ಯಾನರ್ ಬೇಕು. ಮನೆಯಲ್ಲಿ ಇದ್ದದ್ದು ಅದೊಂದೇ.

ಒಳಗೆ ನಮ್ಮ ಮಾವ ಶಿವರುದ್ರಸ್ವಾಮಿ ಲಿಂಗಪೂಜೆ ಮುಗಿಸಿ, ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಚುಚ್ಚಿಕೊಂಡು, ಇಡ್ಲಿ ತಟ್ಟೆ ಮುಂದೆ ಕೂತಿದ್ದರು. ಚುಚ್ಚಿಕೊಂಡ ಅರ್ಧ ಗಂಟೆಯೊಳಗೆ ತಿನ್ನಲೇಬೇಕು, ಇಲ್ಲದಿದ್ದರೆ ಸಕ್ಕರೆ ಇಳಿದು ಜೀವಕ್ಕೇ ಕುತ್ತು ಅಂತ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದ್ದರು. ಮಗ ಬಯ್ದಾಡುವುದು ಕೇಳಿ ಮಾವ ತಟ್ಟೆ ಬಿಟ್ಟು ಎದ್ದರು.

‘ನಿನ್ ಕೈ ದಪ್ಪ ಕಣ್ಲಾ. ಅತ್ತಾಗ್ ಸರಿ, ನಾನ್ ತಗೀತೀನಿ.’

‘ಮೊದ್ಲು ತಿನ್ನಿ ಮಾವ,’ ಅಂದೆ.

‘ಒಂದ್ನಿಮಿಷ ಕಣವ್ವ.’

ಅಂಗಿಯಿಲ್ಲದ ಮೈಯಲ್ಲೇ ಬಗ್ಗಿ ಭುಜದವರೆಗೂ ಕೈ ಇಳಿಸಿದರು. ಕೊರಳಿನ ಶಿವದಾರ ಬ್ಯಾಟರಿಯ ಕೊಂಡಿಗೆ ಸಿಕ್ಕಿಕೊಂಡಿದ್ದನ್ನು ಮೂವರಲ್ಲಿ ಒಬ್ಬರೂ ನೋಡಲಿಲ್ಲ. ಮೈ ಎತ್ತಿದರು, ದಾರ ಕಿತ್ತುಹೋಯಿತು. ಇಷ್ಟಲಿಂಗವಿದ್ದ ಬೆಳ್ಳಿ ಕರಡಿಗೆ ಎಂಜಿನ್ ಮೇಲೆ ಠಣ್ಣೆಂದು ಬಡಿದು ಸ್ಪ್ಯಾನರ್ ಹೋದ ದಾರಿಯಲ್ಲೇ ಹೋಯಿತು.

ಮಾವ ಬರಿಯ ಎದೆ ಮುಟ್ಟಿ ನೋಡಿಕೊಂಡರು. ಎಂಟು ವರ್ಷದ ಹುಡುಗನಾಗಿದ್ದಾಗ ಗುರುಗಳು ಕೊಟ್ಟ ಲಿಂಗ. ಆಪರೇಷನ್ ಟೇಬಲ್ಲಿನ ಮೇಲೂ ಅದನ್ನು ತೆಗೆಸಲು ಬಿಟ್ಟವರಲ್ಲ.

‘ಅದು ಮೈಮ್ಯಾಲೆ ಬರೋಗಂಟ ಒಂದ್ ತೊಟ್ಟು ನೀರೂ ಮುಟ್ಟಾಕಿಲ್ಲ,’ ಅಂದು ಜಗಲಿ ಮೇಲೆ ಕೂತುಬಿಟ್ಟರು.

ನನಗೆ ಸಿಟ್ಟು ನೆತ್ತಿಗೇರಿತು. ಇಂಜೆಕ್ಷನ್ ಒಳಗೆ ಹೋಗಿಯಾಗಿದೆ, ಅದು ಶಾಸ್ತ್ರ ಕೇಳುತ್ತದೆಯೇ? ಮಾವನ ಮೇಲೆ ಕೂಗಾಡಿದೆ, ಗಂಡನ ಮೇಲೂ ಕೂಗಾಡಿದೆ. ಇವರು ಹಳೇ ರೇಡಿಯೋದ ಆಯಸ್ಕಾಂತಕ್ಕೆ ದಾರ ಕಟ್ಟಿ ಇಳಿಬಿಟ್ಟರು. ಅದು ಕಂಡಕಂಡ ಕಬ್ಬಿಣಕ್ಕೆಲ್ಲ ಅಂಟಿಕೊಂಡಿತೇ ಹೊರತು ಸ್ಪ್ಯಾನರ್ ಹತ್ತಿರ ಸುಳಿಯಲಿಲ್ಲ. ಪಕ್ಕದ ಮನೆಯಿಂದ ತಂದ ಸ್ಪ್ಯಾನರ್‌ಗಳೆಲ್ಲ ಟ್ರಾಕ್ಟರಿನವು, ದಪ್ಪ. ಕೊನೆಗೆ ಇವರು ಗಾರ್ಡನ್ನೇ ಒಡೆಯಲು ಹಾರೆ ತಂದರು.

‘ಹಾರೆ ಆಕ್ಬ್ಯಾಡ ಕಣ್ಲಾ, ಲಿಂಗುಕ್ಕೆ ತಾಕ್ತದೆ!’ ಅಂತ ಮಾವ ಕಿರುಚಿದರು. ಇವರ ಕೈ ಅಲ್ಲೇ ನಿಂತಿತು.

ಆಸ್ಪತ್ರೆಗೆ ಕರೆದೊಯ್ಯೋಣವೆಂದರೆ ಇರುವ ಒಂದೇ ಕಾರು ಹೊಟ್ಟೆ ಬಿಚ್ಚಿಕೊಂಡು ನಿಂತಿದೆ. ಆಂಬುಲೆನ್ಸಿಗೆ ಫೋನ್ ಮಾಡಿದರೆ, ಬೆಟ್ಟದ ರಸ್ತೆ ತುಂಬ ಜನ, ಅರ್ಧ ಗಂಟೆಯಾದರೂ ಬೇಕು ಅಂದರು.

ಮಾವನ ಹಣೆಯಲ್ಲಿ ಬೆವರು ಒಡೆದು ವಿಭೂತಿ ಕರಗಿತು. ತುಟಿ ಅದುರತೊಡಗಿತು. ನನ್ನನ್ನೇ ನೋಡುತ್ತಾ, ‘ಶಿವಮ್ಮ, ಕರೆಂಟ್ ಓಯ್ತಾ?’ ಅಂದರು. ಶಿವಮ್ಮ ನಮ್ಮತ್ತೆ. ತೀರಿಕೊಂಡು ಆರು ವರ್ಷವಾಗಿದೆ.

ಸಕ್ಕರೆ ನೀರು ಕದಡಿ ತಂದು ತುಟಿಗಿಟ್ಟೆ. ಅಷ್ಟು ಮಂಪರಿನಲ್ಲೂ ಹಲ್ಲು ಕಚ್ಚಿದರು. ನೀರು ಗಡ್ಡದ ಮೇಲೆ ಹರಿಯಿತು. ಒಂದು ಕೈಯಲ್ಲಿ ಎದೆ ತಡಕುತ್ತಲೇ ಇದ್ದರು.

‘ಬಲವಂತವಾಗಿ ಉಯ್ಯಿ ಪುಷ್ಪ,’ ಅಂದರು ಇವರು, ಅಳುದನಿಯಲ್ಲಿ.

‘ನೆತ್ತಿಗತ್ತಿ ಸತ್ತೋಯ್ತಾರೆ, ಸುಮ್ನಿರಿ!’

ಒಬ್ಬರ ಲಿಂಗ ಇನ್ನೊಬ್ಬರ ಕೈಗೆ ಹೋಗಬಾರದು ಅಂತ ತೌರಿನಲ್ಲಿ ನನಗೂ ಹೇಳಿಕೊಟ್ಟಿದ್ದರು. ಅದು ನೆನಪಾಗಲಿಲ್ಲ ಅಂದರೆ ಸುಳ್ಳು. ನೆನಪಾಯಿತು, ಹೆದರಿಕೆಯೂ ಆಯಿತು. ಆದರೂ ಸೆರಗಿನೊಳಗೆ ಕೈ ಹಾಕಿ ಕೊರಳಿನ ದಾರ ತೆಗೆದೆ. ಬಟ್ಟೆಯಲ್ಲಿ ಸುತ್ತಿದ್ದ ನನ್ನ ಲಿಂಗವನ್ನು ಮಾವನ ಎಡ ಅಂಗೈಯಲ್ಲಿಟ್ಟು ಬೆರಳು ಮಡಿಸಿದೆ.

ತಡಕುತ್ತಿದ್ದ ಕೈ ನಿಂತಿತು. ಹೆಬ್ಬೆರಳು ಬಟ್ಟೆಯ ಮೇಲೆ ನಿಧಾನವಾಗಿ ಓಡಾಡಿತು. ಮಾವ ಕಣ್ಣು ತೆರೆದರು.

‘ಇದು… ನಿಂದಲ್ವಾ ಅವ್ವ?’

‘ಹೂಂ. ಬಾಯ್ ತಗೀರಿ.’

ನನ್ನ ಬರಿಯ ಕೊರಳನ್ನು ನೋಡಿದರು. ಲಿಂಗವನ್ನು ಕಣ್ಣಿಗೊತ್ತಿಕೊಂಡರು. ಬಾಯಿ ತೆರೆದರು.

ಅರ್ಧ ಲೋಟ ಒಳಗೆ ಹೋಯಿತು, ಮತ್ತೆ ಉಳಿದರ್ಧ. ಆಂಬುಲೆನ್ಸ್ ಬರುವ ಮೊದಲೇ ಬೆವರು ನಿಂತು, ಗೋಡೆಗೊರಗಿ ಒಂದು ಇಡ್ಲಿ ತಿಂದರು. ನನ್ನನ್ನು ಪುಷ್ಪ ಅಂತಲೇ ಕರೆದರು. ಎಡಗೈ ಮಾತ್ರ ಎದೆಗೆ ಒತ್ತಿಕೊಂಡೇ ಇತ್ತು, ನನ್ನ ಲಿಂಗ ವಾಪಸ್ ಕೇಳಿ ಇಸಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಇವರು ಕಣ್ಣೊರೆಸಿಕೊಂಡು ಚೊಂಬಿನಲ್ಲಿ ನೀರು ತಂದರು. ‘ನೀನೂ ಬೆಳಿಗ್ಗೆಯಿಂದ ಏನೂ ತಕಂಡಿಲ್ಲ. ಕುಡಿ.’

ಗಂಟಲು ಒಣಗಿ ಹೋಗಿತ್ತು. ಚೊಂಬು ಎತ್ತಿದೆ. ಇನ್ನೊಂದು ಕೈ ತಾನಾಗಿಯೇ ಕೊರಳಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಇಷ್ಟು ಹೊತ್ತು ಮಾವನ ಹಟಕ್ಕೆ ಕೂಗಾಡಿದವಳು ನಾನೇ. ಎಷ್ಟು ಪ್ರಯತ್ನಪಟ್ಟರೂ ಚೊಂಬು ತುಟಿಗೆ ಹೋಗಲಿಲ್ಲ. ಕೆಳಗಿಟ್ಟೆ.

‘ಮೊದ್ಲು ಸ್ಪ್ಯಾನರ್ ತಗೀರಿ,’ ಅಂದೆ.