ಉದ್ದ ಸೀಟಿ

ಮೈಕು ಕೈಗೆ ಬಂದರೆ ಮೈಮರೆಯುತ್ತಾನೆಂದು ಊರೆಲ್ಲ ಅವನನ್ನು ಮೈಕಣ್ಣ ಎಂದೇ ಕರೆಯುತ್ತಿತ್ತು. ಆಟೋದ ನೆತ್ತಿಗೆ ಧ್ವನಿವರ್ಧಕ ಕಟ್ಟಿಕೊಂಡು, ಬಟ್ಟೆ ಅಂಗಡಿಯ ರಿಯಾಯಿತಿ, ನಾಳೆ ನಲ್ಲಿಯಲ್ಲಿ ನೀರು ಬಾರದಿರುವುದು, ಯಾರದೋ ನಾಯಿ ಕಳೆದುಹೋದದ್ದು, ಇಂಥವನ್ನೆಲ್ಲ ಬೀದಿಬೀದಿಗೆ ಸಾರುವುದು ಅವನ ಕಸುಬು. ರಿಯಾಯಿತಿಯನ್ನು ಅಂಗಡಿ ಯಜಮಾನನ ಮೂಗಿನ ದನಿಯಲ್ಲಿ, ನೀರಿನ ಸುದ್ದಿಯನ್ನು ಒಣಗಿದ ನಲ್ಲಿಯ ದನಿಯಲ್ಲಿ, ನಾಯಿಯದನ್ನು ಸ್ವತಃ ನಾಯಿಯ ದನಿಯಲ್ಲಿ ಹೇಳುತ್ತಿದ್ದ. ಒಮ್ಮೆ ಕಳೆದುಹೋದ ನಾಯಿಯೇ ಓಡಿಬಂದು ಆಟೋ ಹತ್ತಿ ಕೂತಿತಂತೆ ಎಂಬ ಕತೆಯೂ ಇತ್ತು. ಹಬ್ಬಿಸಿದವನು ಅವನೇ.

ಇಷ್ಟು ದನಿಗಳ ನಡುವೆ ಅವನ ಸ್ವಂತ ದನಿ ಯಾವುದೆಂದು ಹೆಂಡತಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವನ ಬಾಯಿ ನಿಲ್ಲಿಸಬೇಕೆನಿಸಿದಾಗ ಅವಳು ಕೂಗುತ್ತಿರಲಿಲ್ಲ. ಕೂಗಿದರೆ ಆ ಕೂಗನ್ನೂ ಅಣಕಿಸಿಬಿಡುತ್ತಾನಲ್ಲ! ಸೌಟೋ ಬಾಚಣಿಗೆಯೋ ಬೀಗದ ಕೈಯೋ, ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಎದುರಿದ್ದುದರ ಮೇಲೆ ಎರಡು ಸಲ ಕುಟ್ಟುವಳು. ಟಕ್, ಟಕ್. ಒಂದು ಟಕ್ಕಿಗೆ 'ಸಾಕು' ಎಂದರ್ಥ, ಇನ್ನೊಂದಕ್ಕೆ 'ಬಾಯಿ ಮುಚ್ಚಿ'.

ಅವಳು ಶಾಲಾ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ. ಹೋದ ವರ್ಷ ಸೇತುವೆಯಡಿಯ ನೀರಿನಲ್ಲಿ ಬಸ್ಸು ಸಿಕ್ಕಿಕೊಂಡಾಗ ಕಿಟಕಿಯಿಂದ ಒಂದೊಂದೇ ಮಗುವನ್ನು ದಾಟಿಸಿದ್ದಳು. ಅಂದಿನಿಂದ ಅವಳಿಗೆ ಒಂದೇ ಹಂಬಲ, ರಕ್ಷಣಾ ಠಾಣೆ ಸೇರಬೇಕು. ಠಾಣೆಯವರು ಸ್ವಯಂಸೇವಕರಿಗೆ ತರಬೇತಿ ಶುರು ಮಾಡಿದ ದಿನವೇ ಹೋಗಿ ಹೆಸರು ಕೊಟ್ಟಳು. ತರಬೇತಿಯ ಕೊನೆಗೆ ಅಣಕು ಕಾರ್ಯಾಚರಣೆ. ಅದನ್ನು ನೋಡಲು ಸರ್ಕಾರದ ಅನುದಾನದ ಮೇಡಂ ಬರುತ್ತಾರೆ. ಮೆಚ್ಚಿದರೆ ಠಾಣೆಗೆ ಹೊಸ ಯಂತ್ರಗಳು, ನೆಲದಡಿಯ ಸದ್ದು ಕೇಳುವ ಉಪಕರಣ, ತರಬೇತಿ ಪಡೆದವರಲ್ಲಿ ಕೆಲವರಿಗೆ ಕಾಯಂ ಕೆಲಸ.

"ಅಣಕು ಕಾರ್ಯಾಚರಣೆ ಅಂದ್ಮೇಲೆ ಅಣಕಿಸೋನು ಬೇಡ್ವಾ ಸಾರ್?" ಎಂದು ಮೈಕಣ್ಣ ಠಾಣೆಯ ಸಾಹೇಬರ ಮುಂದೆ ಹಲ್ಲು ಕಿರಿದು, ವೀಕ್ಷಕ ವಿವರಣೆಯ ಕೆಲಸ ಗಿಟ್ಟಿಸಿಕೊಂಡಿದ್ದ.

ಆ ದಿನ ಬೆಳಿಗ್ಗೆ ಅವಳು ಬೂಟಿನ ದಾರ ಕಟ್ಟುತ್ತ ಹೇಳಿದಳು, "ರೀ, ಸ್ವಲ್ಪ ಕೇಳಿ. ಆ ಗೋದಾಮಿನ ಮೆಟ್ಟಿಲಿದೆಯಲ್ಲ, ನಿನ್ನೆ ನಾನು ಅದರ ಕೆಳಗೆ ಮಲಗಿದ್ದಾಗ..."

"ರೀ, ಸ್ವಲ್ಪ ಕೇಳೀ..." ಎಂದು ಅವನು ಅವಳದೇ ದನಿಯಲ್ಲಿ ಎಳೆದ. "ಮಲಗಿದ್ದಾಗ ನಿದ್ದೆ ಬಂದ್‌ಬಿಡ್ತು, ಗೊರಕೆಗೆ ಗೋಡೆ ಬಿರುಕು ಬಿಡ್ತು!"

"ತಮಾಷೆ ಅಲ್ಲ. ಒಂದು ನಿಮಿಷ ಬಾಯಿ ಮುಚ್ಕೊಂಡು..."

"ಒಂದು ನಿಮಿಷ ಬಾಯಿ ಮುಚ್ಕೊಂಡೂ..."

ಅವಳು ಬೀಗದ ಕೈಯಿಂದ ಬಾಗಿಲಿಗೆ ಕುಟ್ಟಿದಳು. ಟಕ್, ಟಕ್. ಅವನು ನಕ್ಕು ಸುಮ್ಮನಾಗುವಷ್ಟರಲ್ಲಿ ಠಾಣೆಯ ಜೀಪು ಹಾರನ್ ಹಾಕಿತು. ಅವಳ ಮಾತು ಹೊಸ್ತಿಲಲ್ಲೇ ಉಳಿಯಿತು.

ಕೆಡವಲು ಬಿಟ್ಟಿದ್ದ ಹಳೆಯ ಗೋದಾಮನ್ನೇ ಠಾಣೆಯವರು ಕಾರ್ಯಾಚರಣೆಗೆ ಆರಿಸಿಕೊಂಡಿದ್ದರು. ಅರ್ಧ ಒಡೆದ ಕಟ್ಟಡ. ಕಬ್ಬಿಣದ ಸರಳುಗಳು ಕಿತ್ತ ಛತ್ರಿಯ ಕಡ್ಡಿಗಳಂತೆ ಹೊರಚಾಚಿದ್ದವು. ಎದುರಿಗೆ ಶಾಮಿಯಾನ, ಕುರ್ಚಿಗಳು, ಮೇಡಂಗೆ ಸೋಫಾ. ಗಾಯಗೊಂಡವರಂತೆ ನಟಿಸುವವರು ಕೆಂಪು ಬಣ್ಣ ಬಳಿದುಕೊಂಡು ಒಳಗೆ ಅಲ್ಲಲ್ಲಿ ಮಲಗಬೇಕು. ರಕ್ಷಣಾ ದಳ ಅವರನ್ನು ಹುಡುಕಿ ಹೊರತರಬೇಕು. ಮೈಕಣ್ಣನ ಹೆಂಡತಿ ಸಣ್ಣ ಮೈಯವಳೆಂದು ಮೆಟ್ಟಿಲಡಿಯ ಇಕ್ಕಟ್ಟು ಅವಳ ಪಾಲಿಗೆ ಬಂದಿತ್ತು. ಅಡ್ಡಗೋಡೆ ಕೊರೆದು ಅವಳನ್ನು ಹೊರಗೆಳೆಯುವುದೇ ಆಟದ ಕೊನೆಯ ಅಂಕ.

ತರಬೇತಿ ಕೊಟ್ಟವರು ಸೀಟಿಯಕ್ಕ. ಕೊರಳಲ್ಲಿ ಸದಾ ಸೀಟಿ, ಮಾತಿನಲ್ಲಿ ಸದಾ ಮಿತ. ಮೊದಲ ಪಾಠದಲ್ಲೇ ಹೇಳಿದ್ದರು: "ಉದ್ದ ಸೀಟಿ ಕೇಳಿದ ತಕ್ಷಣ ಯಂತ್ರ ನಿಲ್ಲಬೇಕು, ಮಾತು ನಿಲ್ಲಬೇಕು, ಎತ್ತಿದ ಕಾಲು ಎತ್ತಿದ ಹಾಗೇ ಇರಬೇಕು. ಕೆಳಗೆ ಸಿಕ್ಕಿಕೊಂಡೋರಿಗೆ ಕೂಗೋಕೆ ಉಸಿರಿರಲ್ಲ. ಕುಟ್ತಾರೆ, ಅಷ್ಟೆ. ಅದು ನಮಗೆ ಕೇಳಿಸಬೇಕು."

ಆದರೆ ಪೂರ್ವಾಭ್ಯಾಸದಲ್ಲಿ ಆ ಮೌನ ಸಾಹೇಬರಿಗೆ ಹಿಡಿಸಲಿಲ್ಲ. "ಅಲ್ಲಮ್ಮ, ಅನುದಾನ ಕೊಡೋರು ಬಂದು ಕೂತಿರ್ತಾರೆ, ನಾವು ಕಂಬದ ಹಾಗೆ ನಿಂತ್ಕೊಳ್ಳೋದಾ? ಮೌನಕ್ಕೆ ಯಾರಾದ್ರೂ ದುಡ್ಡು ಕೊಡ್ತಾರಾ? ತೆಗೀರಿ ಅದನ್ನ. ಆ ಜಾಗದಲ್ಲಿ ನಮ್ಮ ಮೈಕಣ್ಣ ಏನಾದ್ರೂ ಮಾಡ್ಲಿ."

ಮೈಕಣ್ಣ ಮಾಡಿದ. ನಾಲಿಗೆಯನ್ನು ಹಲ್ಲಿಗೊತ್ತಿ ಸೀಟಿಯಕ್ಕನ ಉದ್ದ ಸೀಟಿಯನ್ನು ಅಚ್ಚೊತ್ತಿದಂತೆ ಊದಿ, "ಶ್ಶ್! ಮೌನ! ಸತ್ತವರೂ ಮಾತಾಡಬಾರದು!" ಎಂದು ಅವರದೇ ದನಿಯಲ್ಲಿ ಗದರಿದ. ದಳದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಂದಾಚೆ ಪ್ರತಿ ಅಭ್ಯಾಸದಲ್ಲೂ ಅದೇ. ಸೀಟಿ ಕೇಳಿದರೆ ಮೈಕಣ್ಣನತ್ತ ತಿರುಗಿ ನಗುವುದು ಎಲ್ಲರಿಗೂ ರೂಢಿಯಾಯಿತು. ಸೀಟಿಯಕ್ಕ ಮಾತ್ರ ನಗಲಿಲ್ಲ. "ಚೆನ್ನಾಗಿ ಮಾಡ್ತೀರ," ಎಂದಿದ್ದರು. "ಅದೇ ಭಯ ನನಗೆ."

ಮೇಡಂ ಬಂದರು, ಕೂತರು. ಜನರೇಟರು ಗುಡುಗಿತು, ಸೈರನ್ ಮೊಳಗಿತು. ಮೈಕಣ್ಣನಿಗೆ ರೆಕ್ಕೆ ಬಂತು. ಆಂಬುಲೆನ್ಸು ಬಂದರೆ ಆಂಬುಲೆನ್ಸಾದ, ಸ್ಟ್ರೆಚರು ಬಂದರೆ ಅದರ ಕಿರ್ರೆನ್ನುವ ಗಾಲಿಯಾದ. ಒಬ್ಬೊಬ್ಬರೇ 'ಗಾಯಾಳು' ಹೊರಬಂದಂತೆ ಚಪ್ಪಾಳೆ. ಮೇಡಂ ಕೂಡ ಒಮ್ಮೆ ಮುಗುಳ್ನಕ್ಕರು. ಸಾಹೇಬರ ಮೀಸೆ ಕಿವಿಯವರೆಗೆ ಹಬ್ಬಿತು.

ಕೊನೆಯ ಅಂಕ. ಕೊರೆಯುವ ಯಂತ್ರ ಅಡ್ಡಗೋಡೆಗೆ ಬಾಯಿ ಹಾಕಿತು. ಇಡೀ ಗೋದಾಮು ಚಳಿಹಿಡಿದಂತೆ ನಡುಗಿತು. ಆಮೇಲೆ, ಗೋಡೆಯಲ್ಲ, ಅದರ ಹಿಂದಿನ ಮೆಟ್ಟಿಲು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನೆ ಕುಸಿದು ಕೂತಿತು. ಬೂದು ಬಣ್ಣದ ಧೂಳು ಶಾಮಿಯಾನದವರೆಗೆ ಉರುಳಿಬಂತು.

"ಧಡಾರ್!" ಎಂದು ಮೈಕಣ್ಣ ಮೈಕಿನಲ್ಲಿ ಆ ಸದ್ದಿಗೆ ಸದ್ದು ಕೂಡಿಸಿದ. "ನೋಡಿ ಸ್ವಾಮಿ, ನೋಡಿ! ನಿಜಕ್ಕೂ ಬಿದ್ದ ಹಾಗೇ ಇದೆಯೋ ಇಲ್ಲವೋ? ಬರಲಿ ಒಂದು ಜೋರು ಚಪ್ಪಾಳೆ!"

ಚಪ್ಪಾಳೆ ಬಿತ್ತು. ಜೋರಾಗಿಯೇ ಬಿತ್ತು.

ಧೂಳಿನೊಳಗಿಂದ ಸೀಟಿಯಕ್ಕ ಹೊರಬಂದರು. ಅವರ ಮುಖ ಕಂಡು ಮೈಕಣ್ಣ ಬಿದ್ದ ಮೆಟ್ಟಿಲತ್ತ ತಿರುಗಿದ. ಪೂರ್ವಾಭ್ಯಾಸದಲ್ಲಿ ಮೆಟ್ಟಿಲು ಬಿದ್ದಿರಲಿಲ್ಲ. ಮೆಟ್ಟಿಲು ಬೀಳುವುದು ಆಟದಲ್ಲೇ ಇರಲಿಲ್ಲ. ಅದರ ಕೆಳಗೆ...

ಸೀಟಿಯಕ್ಕ ಸೀಟಿಯನ್ನು ತುಟಿಗಿಟ್ಟು ಊದಿದರು. ಉದ್ದಕ್ಕೆ, ಕೆನ್ನೆ ಕೆಂಪಾಗುವವರೆಗೆ.

ಗೋಡೆಯ ಈಚೆ ನಿಂತು, ಧೂಳಿನಲ್ಲಿ ಬಿದ್ದದ್ದೇನೆಂದು ಕಾಣದ ದಳದವರೆಲ್ಲ ಮೈಕಣ್ಣನತ್ತ ತಿರುಗಿ ನಕ್ಕರು.

ಅವನು ಕೈ ಚಾಚಿ ಸೀಟಿಯಕ್ಕನತ್ತ ತೋರಿಸಿದ. "ನಾನಲ್ಲ!" ಎಂದ. ನಗು ಹೆಚ್ಚಿತು. ಕೊರೆಯುವ ಯಂತ್ರ ಇನ್ನೂ ಗುರುಗುಟ್ಟುತ್ತಿತ್ತು. ಸೀಟಿಯಕ್ಕ ಮತ್ತೆ ಊದಿದರು. "ಸಾಕು ಮಾಡೋ, ಮೇಡಂ ಮುಂದೆ ಎಷ್ಟು ಸಲ ಅದನ್ನೇ ಮಾಡ್ತೀಯ?" ಎಂದು ಸಾಹೇಬರು ಹಲ್ಲು ಕಚ್ಚಿ ಪಿಸುಗುಟ್ಟಿದರು.

"ಸಾರ್, ನಿಜವಾಗ್ಲೂ ಬಿದ್ದಿದೆ! ನನ್ನ ಹೆಂಡ್ತಿ ಅದರ ಕೆಳಗಿದ್ದಾಳೆ! ಎಲ್ರೂ ಸುಮ್ನಿರಿ, ದಮ್ಮಯ್ಯ ಅಂತೀನಿ!" ಮೈಕು ಕೈಯಲ್ಲೇ ಇತ್ತು, ಅವನ ಗೋಳು ನಾಲ್ಕೂ ದಿಕ್ಕಿಗೆ ಹೋಯಿತು. ದನಿ ಒಡೆದಿತ್ತು.

"ಅಬ್ಬಾ, ಏನು ಮಾಡ್ತಾನಪ್ಪಾ! ಕಣ್ಣಲ್ಲಿ ನೀರೂ ತರಿಸ್ಕೊಂಡ ನೋಡು!" ಎಂದು ಹಿಂದಿನ ಸಾಲಿನಲ್ಲಿ ಯಾರೋ ಮೆಚ್ಚಿದರು. ಮತ್ತೆ ಚಪ್ಪಾಳೆ.

ಜೀವಮಾನವಿಡೀ ಯಾವ ಸದ್ದನ್ನು ಬೇಡಿ ತಿಂದಿದ್ದನೋ ಅದೇ ಈಗ ಅವನ ಹೆಂಡತಿಯ ಮೇಲೆ ಮಣ್ಣಿನಂತೆ ಸುರಿಯುತ್ತಿತ್ತು. ಇನ್ನೇನು ಹೇಳಲಿ? ಯಾವ ದನಿಯಲ್ಲಿ ಹೇಳಲಿ? ಹೇಳಿದಷ್ಟೂ ಅದು ಆಟವೇ. ಅತ್ತರೆ ಅಳುವಿನ ಅಣಕ, ಸತ್ತರೆ ಸಾವಿನ ಅಣಕ.

ಅವನು ಮೈಕು ಕೆಳಗೆ ಹಾಕಿದ. ಓಡಿಹೋಗಿ ಜನರೇಟರನ್ನು ಆರಿಸಿದ. ಧ್ವನಿವರ್ಧಕ ಸತ್ತಿತು, ಕೊರೆಯುವ ಯಂತ್ರ ಕೆಮ್ಮಿ ನಿಂತಿತು. ಕುಸಿದ ಮೆಟ್ಟಿಲ ರಾಶಿಯ ಮುಂದೆ ಅಂಗಾತ ಬಿದ್ದಿದ್ದ ಕಾಂಕ್ರೀಟ್ ಚಪ್ಪಡಿಗೆ ಕಿವಿ ಹಚ್ಚಿ, ಎರಡೂ ಕೈಯಿಂದ ತನ್ನ ಬಾಯಿಯನ್ನು ಒತ್ತಿ ಹಿಡಿದು ಮಲಗಿಬಿಟ್ಟ.

ಮೈಕಣ್ಣನ ಬಾಯಿ ಮುಚ್ಚಿದ್ದನ್ನು ಆ ಊರು ಅದುವರೆಗೆ ಕಂಡಿರಲಿಲ್ಲ.

ನಗು ಮೊದಲು ಮುಂದಿನ ಸಾಲಿನಲ್ಲಿ ಆರಿತು. ಆಮೇಲೆ ಹಿಂದೆ. ಅನುದಾನದ ಮೇಡಂ ಎದ್ದು ನಿಂತರು. ಹಿಮ್ಮಡಿ ಸದ್ದಾಗದಂತೆ ಚಪ್ಪಲಿಯನ್ನು ಅಲ್ಲೇ ಬಿಟ್ಟರು. ಸಾಹೇಬರು ಏನೋ ಹೇಳಲು ಬಾಯಿ ತೆರೆದಾಗ ಕೈ ಅಡ್ಡ ಹಿಡಿದು ತಡೆದರು. ಶಾಮಿಯಾನದ ಬಟ್ಟೆ ಗಾಳಿಗೆ ಪಟಪಟ ಎಂದಾಗ ಯಾರೋ ಅದರ ತುದಿ ಹಿಡಿದುಕೊಂಡರು.

ಸೀಟಿಯಕ್ಕ ಸುತ್ತಿಗೆಯಿಂದ ಚಪ್ಪಡಿಯ ಮೇಲೆ ಕುಟ್ಟಿ, ಕಾದರು.

ಏನೂ ಇಲ್ಲ.

ಇನ್ನೊಂದು ಕಡೆ ಕುಟ್ಟಿದರು. ಕಾದರು. ಏನೂ ಇಲ್ಲ. ಎಲ್ಲೋ ಒಳಗೆ ಮರಳು ಸಣ್ಣಗೆ ಉದುರುವ ಸದ್ದು, ಅಷ್ಟೇ. ಅದು ಕಿವಿಗೆ ಬಿದ್ದದ್ದೇ ಅವನಿಗೆ ಬೆಳಗಿನ ಮಾತು ಪೂರ್ತಿಯಾಯಿತು: ನಿನ್ನೆ ನಾನು ಅದರ ಕೆಳಗೆ ಮಲಗಿದ್ದಾಗ ಮರಳು ಉದುರುತ್ತಿತ್ತು. ಇದನ್ನೇ ಹೇಳಲು ಬಂದಿದ್ದಳು. ಕೇಳಿದ್ದರೆ... ಅವನ ಗಂಟಲಿನಲ್ಲಿ ಒಂದು ಊಳು ಎದ್ದು ಬಂತು. ಅದನ್ನು ನುಂಗಿದ. ಮತ್ತೆ ಬಂತು, ಮತ್ತೆ ನುಂಗಿದ. ಕೂಗಬೇಕು, ಅವಳ ಹೆಸರು ಹಿಡಿದು ಕೂಗಬೇಕು ಎಂದು ನಾಲಿಗೆ ಬಡಿದಾಡುತ್ತಿತ್ತು. ಕೂಗಿದರೆ ಅವಳು ಕುಟ್ಟಿದ್ದು ಕೇಳಿಸದೇ ಹೋದೀತು. ಹಲ್ಲಿಗೆ ಸಿಕ್ಕ ಅಂಗೈ ಉಪ್ಪುಪ್ಪಾಯಿತು.

ಸಾಹೇಬರ ದಪ್ಪ ಮೀಸೆ ಬೆವರಿನಲ್ಲಿ ಅಂಟಿಕೊಂಡಿತ್ತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಸೀಟಿಯಕ್ಕ ಕೊನೆಯ ಸಲವೆಂಬಂತೆ ಸುತ್ತಿಗೆ ಎತ್ತಿದರು. ಮೈಕಣ್ಣ ಕೈ ಎತ್ತಿ ಬೇಡವೆಂದು ಸನ್ನೆ ಮಾಡಿದ.

ಅವನಿಗೆ ಮಾತ್ರ ಕೇಳಿಸಿತ್ತು. ಕಿವಿಗಲ್ಲ, ಕೆನ್ನೆಯ ಮೂಳೆಗೆ. ಬಹಳ ದೂರದಿಂದ, ಕಲ್ಲಿನ ಹೊಟ್ಟೆಯೊಳಗಿನಿಂದ.

ಟಕ್. ಟಕ್.

ಅವನು ಬೆರಳಿಂದ ಎಡಗಡೆಯ ಮೂಲೆ ತೋರಿಸಿದ. ಸೀಟಿಯಕ್ಕ ಅಲ್ಲಿ ಕಿವಿ ಇಟ್ಟರು. ಅವರ ಹುಬ್ಬು ಮೇಲೆದ್ದಿತು. ದಳದವರು ಯಂತ್ರ ಮುಟ್ಟದೆ, ಬರಿಗೈಯಲ್ಲಿ, ಮೊಟ್ಟೆ ಎತ್ತುವವರ ಹಾಗೆ ಒಂದೊಂದೇ ತುಂಡನ್ನು ಎತ್ತಿ ಹಿಂದಕ್ಕೆ ಸಾಗಿಸತೊಡಗಿದರು. ಸಾಹೇಬರೂ ಅಂಗಿಯ ತೋಳು ಮಡಚಿ ಸಾಲಿಗೆ ಸೇರಿದರು. ನಡುನಡುವೆ ಸೀಟಿಯಕ್ಕ ಸೀಟಿ ಊದುವರು; ಎತ್ತಿದ ಕಲ್ಲು ಎತ್ತಿದಲ್ಲೇ ನಿಲ್ಲುವುದು; ಎಲ್ಲರೂ ಉಸಿರು ಹಿಡಿಯುವರು. ಟಕ್, ಟಕ್. ಒಂದು ಸಲ ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಬಂತು, ಒಂದೇ ಒಂದು. ಟಕ್. ಇನ್ನೊಂದಕ್ಕೆ ಅವಳಲ್ಲಿ ಬಲ ಸಾಲದಾಯಿತೇನೋ.

ಬಿಸಿಲು ಶಾಮಿಯಾನ ದಾಟಿ ಸೋಫಾದ ಮೇಲೆ ಬಿದ್ದಾಗ ಕಲ್ಲಿನ ಸಂದಿನಲ್ಲಿ ಮೊದಲು ಕಂಡದ್ದು ಬೀಗದ ಕೈ, ಅದನ್ನು ಹಿಡಿದಿದ್ದ ಬೂದು ಬೆರಳುಗಳು. ಕೆಂಪು ಬಣ್ಣ ಯಾವುದು, ರಕ್ತ ಯಾವುದು ಗೊತ್ತಾಗದ ಮುಖ. ಎಡಗಾಲು ಮುರಿದಿತ್ತು. ಉಸಿರಿತ್ತು.

ಆಂಬುಲೆನ್ಸಿನ ಬಾಗಿಲ ಬಳಿ ಮೇಡಂ ಸೀಟಿಯಕ್ಕನನ್ನು ಕೇಳಿದರು, "ಆ ಸೀಟಿ ಊದಿ ಸುಮ್ಮನೆ ನಿಲ್ಲೋದು... ನಿಮ್ಮ ಕಾರ್ಯಕ್ರಮದಲ್ಲಿ ಯಾಕಿರಲಿಲ್ಲ?" ಸೀಟಿಯಕ್ಕ ಸಾಹೇಬರ ಕಡೆ ನೋಡಿದರು. ಸಾಹೇಬರು ನೆಲ ನೋಡಿದರು. "ನಾನೇ ತೆಗೆಸಿದೆ ಮೇಡಂ," ಎಂದರು. ಯಂತ್ರ ಬರುತ್ತದೋ ಇಲ್ಲವೋ, ಕೆಲಸ ಯಾರಿಗೆ ಸಿಗುತ್ತದೋ, ಆ ಹೊತ್ತಿಗೆ ಯಾರೂ ಕೇಳಲಿಲ್ಲ.

ಆಂಬುಲೆನ್ಸು ಹೊರಟಿತು. ಹೆಂಡತಿ ಸ್ಟ್ರೆಚರಿನಲ್ಲಿ, ಪಕ್ಕದ ಹಲಗೆಯ ಮೇಲೆ ಮೈಕಣ್ಣ. ಅವಳು ಕಣ್ಣು ತೆರೆದಳು.

"ಬೆಳಿಗ್ಗೆ... ಹೇಳೋಕೆ ಬಂದೆ..." ತುಟಿಯ ಧೂಳು ಅಲುಗಿತು. "ಆ ಮೆಟ್ಟಿಲ ಕೆಳಗೆ ಮರಳು..."

ಅವನು ತಲೆಯಾಡಿಸಿದ. ಅವಳು ಮುಗಿಸುವವರೆಗೂ ಕಾದ. ಮುಗಿಸಿದ ಮೇಲೂ ಸುಮ್ಮನೆ ಕೂತ.

ಮೇಲುಗಡೆ ಸೈರನ್ ಕೂಗುತ್ತಿತ್ತು. ಅದನ್ನು ಅವನು ಅಣಕಿಸಲಿಲ್ಲ. ಹೆಂಡತಿಯ ಕಣ್ಣಲ್ಲಿ ಮೆಟ್ಟಿಲಡಿಯಲ್ಲೂ ಬಂದಿರದ ಗಾಬರಿ ಬಂತು.

"ರೀ, ನನಗೇನಾಗಿದೆ? ಯಾಕೆ ಮಾತಾಡ್ತಿಲ್ಲ ನೀವು? ಏನಾದ್ರೂ ಅನ್ರೀ. ಭಯ ಆಗತ್ತೆ."

ಅವನು ಬಾಯಿ ತೆರೆದ. ಅಂಗಡಿ ಯಜಮಾನ ಬರಲಿಲ್ಲ, ಸಾಹೇಬರು ಬರಲಿಲ್ಲ, ನಾಯಿಯೂ ಬರಲಿಲ್ಲ. ಬಹಳ ಹುಡುಕಿದ ಮೇಲೆ, ಅವಳೂ ಅವನೂ ಹಿಂದೆಂದೂ ಕೇಳಿರದ, ಒರಟಾದ, ಸಣ್ಣದೊಂದು ದನಿ ಬಂತು.

"ಕಾಲು ಮಾತ್ರ," ಎಂದಿತು ಅದು. "ಕಾಲು ಮಾತ್ರ ಮುರಿದಿದೆ. ಇಲ್ಲೇ ಇದ್ದೀನಿ."

ಅವಳು ಅನುಮಾನದಿಂದ ಅವನ ತುಟಿಯನ್ನೇ ನೋಡಿದಳು.

"ಇದು ಯಾರ ದನಿ?" ಎಂದಳು.