ತೊಳೆದ ಬಂಡೆ

“ಕ್ಯಾನು ಹಗುರ ಐತಲ್ಲೇ ದ್ರಾಕ್ಷಾಯಣಿ,” ಎಂದರು ವಿಶಾಲಮ್ಮ.

ನಸುಕಿನಲ್ಲಿ, ಗುಡ್ಡದ ಮೇಲಿನ ಟೆಂಟಿನೊಳಗೆ ಮಂಡಿಯೂರಿ ರಗ್ಗು ಮಡಿಸುತ್ತಿದ್ದ ದ್ರಾಕ್ಷಾಯಣಿ, “ತುಂಬ ತಂದಿದೀನಿ ಅತ್ತೆ, ಮುಚ್ಚಳ ತೆಗ್ದು ನೋಡಿ,” ಎಂದಳು. ಮುಚ್ಚಳ ತೆಗೆದ ಸದ್ದು ಕೇಳಿಸಿತು. ನೀರಿನ ಸದ್ದು ಮಾತ್ರ ಬರಲಿಲ್ಲ. ಅನುಮಾನ ಬಂದು ಅವಳು ಹೊರಗೆ ಬಂದಳು. ಹಾಲಿನ ಸ್ಟೀಲ್ ಕ್ಯಾನು ಅತ್ತೆಯ ಮಡಿಲಲ್ಲಿತ್ತು. ಒಳಗೆ ತಳ ಮಾತ್ರ ಕಾಣುತ್ತಿತ್ತು.

ಆ ಕ್ಯಾನನ್ನು ಅವಳು ನೆನ್ನೆ ಅರಸೀಕೆರೆಯ ಮನೆಯಲ್ಲಿ ಸ್ನಾನ ಮಾಡಿ ತುಂಬಿಸಿದ್ದಳು. ಕಾರಿನಲ್ಲಿ ಕಾಲ ಮೇಲೆ ಇಟ್ಟುಕೊಂಡು ಬಂದಿದ್ದಳು. ಹಳೇಬೀಡು ದಾಟಿ, ಈ ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಿ ಹತ್ತುವಾಗಲೂ ಉಳಿದ ಬಾಟಲಿಗಳ ಜೊತೆ ಬ್ಯಾಗಿಗೆ ಹಾಕದೆ ಕೈಯಲ್ಲೇ ಹಿಡಿದಿದ್ದಳು. ಅದು ಅತ್ತೆಯ ಲಿಂಗಪೂಜೆಯ ನೀರು. ಪೂಜೆ ಆಗದೆ ವಿಶಾಲಮ್ಮ ಒಂದು ಗುಟುಕು ನೀರೂ ಕುಡಿಯುವವರಲ್ಲ. ಜ್ವರ ಬಂದು ಮಲಗಿದ್ದಾಗಲೂ ಕುಡಿದದ್ದಿಲ್ಲ.

ಮೊದಲು ಹಟ ಎಂದು ಸುಮ್ಮನಿರಬಹುದಿತ್ತು. ಈಗ ಅವರಿಗೆ ಸಕ್ಕರೆ ಕಾಯಿಲೆ, ಮಾತ್ರೆ ನುಂಗಿ ಹೊಟ್ಟೆಗೆ ಏನೂ ಬೀಳದಿದ್ದರೆ ಸಕ್ಕರೆ ಪೂರ್ತಿ ಇಳಿದುಬಿಡುತ್ತದೆ. ನೆನ್ನೆ ಹತ್ತಿದ ಸುಸ್ತಿಗೆ ಅರ್ಧ ರೊಟ್ಟಿ ತಿಂದು ಸಾಕೆಂದಿದ್ದರು, ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದ್ದರು. ಹೋದ ವರ್ಷ ಒಂದು ಮದುವೆ ಛತ್ರದಲ್ಲಿ ಪೂಜೆ ತಡವಾಗಿ ಕೂತಲ್ಲೇ ಕುಸಿದುಬಿದ್ದಾಗ ಹಿಡಿದುಕೊಂಡವಳು ದ್ರಾಕ್ಷಾಯಣಿಯೇ. ಆ ಭಾರ ಅವಳ ತೋಳಿನಲ್ಲಿ ಇನ್ನೂ ಇತ್ತು. ನೀವು ಮನೆಯಲ್ಲೇ ಇರಿ ಅತ್ತೆ ಎಂದರೆ, “ಎಲ್ಲಾರೂ ಹೋದ್ಮೇಲೆ ಮನೆ ಕಾಯಾಕೆ ನಾನೇನು ಬೀಗವಾ?” ಎಂದು ಕೇಳಿ ಹೊರಟುಬಂದಿದ್ದರು.

“ರೀ!” ಎಂದು ದ್ರಾಕ್ಷಾಯಣಿ ಕೂಗಿದಳು.

ಗುಡ್ಡದ ಅಂಚಿನಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮುಂದೆ ಬಗ್ಗಿ ನಿಂತಿದ್ದ ಗಂಡ ತಿರುಗಲಿಲ್ಲ. ಉಮಾಶಂಕರ್‌ಗೆ ಊರಿನಲ್ಲಿ ಕೊಬ್ಬರಿ ಮಂಡಿ. ಕ್ಯಾಮೆರಾ ಕೊಂಡ ಮೇಲೆ ರಜೆ ಸಿಕ್ಕಿದರೆ ಸಾಕು, ಯಾವುದಾದರೊಂದು ಗುಡ್ಡ. ಬೇರೆಯವರ ಮನೆಯಲ್ಲಿ ಟ್ರಿಪ್ ಎಂದರೆ ಹೆಂಡತಿ ಮಕ್ಕಳು ನಗುತ್ತಾ ಫೋಟೊಗೆ ನಿಲ್ಲುತ್ತಾರೆ. ಇಲ್ಲಿ ಹೆಂಡತಿ ಮಗಳು ಸಾಮಾನು ಹೊರುವುದಕ್ಕೆ. ಮೇಲೆ ತಲುಪಿದ ಕೂಡಲೇ, “ಸ್ವಲ್ಪ ಆ ಕಡೆ ಸರೀರಿ, ಫ್ರೇಮಲ್ಲಿ ಬತ್ತೀರ,” ಎನ್ನುತ್ತಾನೆ. ಕಂಪ್ಯೂಟರ್ ತುಂಬ ಗುಡ್ಡಗಳಿವೆ, ಮೋಡಗಳಿವೆ, ಕೆರೆಗಳಿವೆ. ದ್ರಾಕ್ಷಾಯಣಿಯ ಮುಖ ಒಂದರಲ್ಲೂ ಇಲ್ಲ. ಒಮ್ಮೆ ಅವಳ ಸೆರಗಿನ ತುದಿ ಬಂದಿತ್ತು, ಅದನ್ನೂ ಕತ್ತರಿಸಿ ತೆಗೆದ. ಈ ಗುಡ್ಡಕ್ಕೆ ಬರುತ್ತಿರುವುದು ಇದು ಮೂರನೆಯ ಸಲ. ಮೊದಲನೆಯ ಸಲ ಮೋಡ ಕವಿದಿತ್ತು, ಎರಡನೆಯ ಸಲ ಬ್ಯಾಟರಿ ಕೈಕೊಟ್ಟಿತು. ಹಳೇಬೀಡಿನ ಕೆರೆಯಾಚೆಯಿಂದ ಸೂರ್ಯ ಏಳುವುದನ್ನು ಹಿಡಿಯದೆ ಇವನಿಗೆ ನಿದ್ದೆಯಿಲ್ಲ, ಆದ್ದರಿಂದ ಮನೆಯಲ್ಲಿ ಯಾರಿಗೂ ಇಲ್ಲ.

ಅವಳು ಹತ್ತಿರ ಹೋದಳು. “ಕ್ಯಾನಲ್ಲಿದ್ದ ನೀರು ಏನಾಯ್ತು?”

“ಯಾವ ಕ್ಯಾನು?”

“ಅತ್ತೆ ಪೂಜೆದು.”

“ಓ ಅದಾ. ಬಂಡೆಗೆ ಹಾಕ್ದೆ.”

ಕ್ಯಾಮೆರಾದ ಮುಂದೆ ಚಪ್ಪಟೆಯಾದ ಬಂಡೆಯೊಂದಿತ್ತು. ಅದು ಒದ್ದೆಯಾಗಿ ಕಪ್ಪಗೆ ಹೊಳೆಯುತ್ತಿತ್ತು.

“ಧೂಳು ಕೂತಿತ್ತು ಕಣೇ, ಹಕ್ಕಿ ಗಲೀಜು ಬೇರೆ. ಕೈಯಲ್ಲೇ ಉಜ್ಜಿ ತೊಳೆದೆ. ಒದ್ದೆ ಬಂಡೆ ಮೇಲೆ ಮೊದಲ್ನೇ ಬಿಸ್ಲು ಬೀಳ್ಬೇಕು, ಆಗ ನೋಡು ನೀನು!”

“ಬಾಟಲಿ ನೀರಿತ್ತಲ್ರೀ!”

“ಅದು ಕುಡಿಯಾಕೆ ಬೇಕಲ್ವಾ? ಅದಕ್ಕೇ ಮುಟ್ಲಿಲ್ಲ,” ಎಂದ ಉಮಾಶಂಕರ್. ಸಂಸಾರದ ಕಷ್ಟಸುಖ ತಿಳಿದವನಂತೆ ಹೇಳಿದ.

ದ್ರಾಕ್ಷಾಯಣಿಗೆ ಮೈ ಉರಿದುಹೋಯಿತು. ಆ ಸ್ಟ್ಯಾಂಡನ್ನು ಕ್ಯಾಮೆರಾ ಸಮೇತ ಎತ್ತಿ ಗುಡ್ಡದ ಕೆಳಗೆ ಎಸೆಯಬೇಕೆನಿಸಿತು. “ನಿಮ್ಮವ್ವ ಈಗ ಏನು ಮಾಡ್ಬೇಕು? ಪೂಜೆ ಇಲ್ದೆ ನೀರು ಕುಡೀತಾರಾ? ಏನಾದ್ರೂ ತಿಂತಾರಾ?”

ಆಗ ಅವನು ಮೊದಲ ಬಾರಿಗೆ ತಿರುಗಿದ. ಅವನಿಗೆ ಅರ್ಥವಾದದ್ದು ಮುಖದಲ್ಲಿ ಕಾಣಿಸಿತು. ಆದರೂ ಬಿಡದೆ, “ಬಾಟಲಿ ನೀರಲ್ಲೇ ಮಾಡ್ಕೊಳ್ಳಿ ಅನ್ನು,” ಎಂದ.

ಟೆಂಟಿನೊಳಗಿಂದ ಮಗಳು ಶಿಲ್ಪಾ, “ಪಪ್ಪಾ, ಅದೆಲ್ಲ ಎಂಜಲು,” ಎಂದು ಕೂಗಿದಳು. ರಗ್ಗಿನೊಳಗೆ ಎಚ್ಚರವಾಗಿಯೇ ಮಲಗಿದ್ದಳೆಂದು ಕಾಣುತ್ತದೆ. “ನಾನೂ ಬಾಯಿ ಹಾಕಿ ಕುಡ್ದಿದೀನಿ, ನೀನೂ ಕುಡ್ದಿದೀಯ.”

“ಅವನ್ನ ಬೈಬೇಡಿ ಬಿಡ್ರವ್ವ,” ಎಂದರು ವಿಶಾಲಮ್ಮ. “ಕೆಳಕ್ಕೆ ಹೋದ್ಮೇಲೆ ಮಾಡ್ಕತೀನಿ.”

“ಅಲ್ಲಿಗಂಟ?” ಎಂದಳು ದ್ರಾಕ್ಷಾಯಣಿ.

“ಹಿಂಗೇ ಇರ್ತೀನಿ.”

“ಒಂದು ಚೂರು ಬೆಲ್ಲನಾದ್ರೂ ಬಾಯಿಗೆ ಹಾಕ್ಕೊಳ್ಳಿ ಅತ್ತೆ. ಶಿವ ಏನೂ ಅನ್ಕಳಲ್ಲ.”

“ನೀನೂ ಕೊರಳಿಗೆ ಲಿಂಗ ಕಟ್ಟಿರೋಳೇ. ನನ್ನ ಕೇಳ್ತೀಯಲ್ಲ.”

ಅಲ್ಲಿಗೆ ಆ ಮಾತು ಮುಗಿಯಿತು. ಮೂಡಣದಲ್ಲಿ ಕೆಂಪು ಹರಡತೊಡಗಿತ್ತು. ಉಮಾಶಂಕರ್ ಅದನ್ನು ನೋಡಿದ, ತಾಯಿಯನ್ನು ನೋಡಿದ, ಮತ್ತೆ ಅದನ್ನು ನೋಡಿದ. “ಇನ್ನೇನು ಬಂದ್ಬಿಡ್ತದೆ. ಒಂದೇ ಒಂದು ಚೂರು ತಡ್ಕ ಅವ್ವ. ಫೋಟೊ ತಗೊಂಡ ತಕ್ಷಣ ಕೆಳಕ್ಕೆ ಓಡೋಗಿ ನೀರು ತತ್ತೀನಿ.”

ದ್ರಾಕ್ಷಾಯಣಿ ಅವನ ತೋಳು ಹಿಡಿದು ಎಳೆದುಕೊಂಡು ಬಂದು, ಅತ್ತೆಯ ಕೈಯನ್ನು ಅವನ ಕೈಯಲ್ಲಿಟ್ಟಳು. “ಹಿಡ್ಕೊಂಡು ನೋಡಿ,” ಎಂದಳು.

ಕೊಬ್ಬರಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹದ ಹೇಳುವ ಮನುಷ್ಯ ಅವನು. ಆ ಚಳಿಯಲ್ಲೂ ತಾಯಿಯ ಅಂಗೈ ಬೆವೆತಿತ್ತು, ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

“ಇವತ್ತು ಚಳಿ ಜಾಸ್ತಿ ಐತೆ,” ಎಂದು ವಿಶಾಲಮ್ಮ ಕೈ ಎಳೆದುಕೊಂಡರು.

ಕೆಳಗಿಳಿಸಲು ಹೊತ್ತಾಗುತ್ತದೆ, ನೀರು ತರಲು ಇನ್ನೂ ಹೊತ್ತಾಗುತ್ತದೆ. ಏನು ಮಾಡುವುದೆಂದು ತಿಳಿಯದೆ ದ್ರಾಕ್ಷಾಯಣಿ ಬೆಲ್ಲದ ಡಬ್ಬಿಗೆಂದು ಟೆಂಟಿನ ಬಾಗಿಲಿಗೆ ಬಗ್ಗಿದಳು. ಕತ್ತಿನ ಮೇಲೆ ತಣ್ಣಗೆ ಒಂದು ಹನಿ ಬಿತ್ತು. ತಲೆಯೆತ್ತಿದಳು. ಟೆಂಟಿನ ಮೇಲುಹೊದಿಕೆಯ ತುಂಬ ಇಬ್ಬನಿ, ತಾಗಿದರೆ ಇಳಿದುಬರುವಷ್ಟು.

“ಅತ್ತೆ, ಇದಾಗುತ್ತಾ?”

ವಿಶಾಲಮ್ಮ ಎದ್ದು ಬಂದು ಕಣ್ಣು ಕಿರಿದು ಮಾಡಿ ನೋಡಿದರು. “ಮ್ಯಾಲಿಂದ ಬಂದಿದ್ದು. ಯಾರೂ ಮುಟ್ಟಿಲ್ಲ, ಯಾರೂ ಕುಡ್ದಿಲ್ಲ. ಆದ್ರೆ ಈ ಬಟ್ಟೆ?”

“ಹೊಸಾದು ಅಜ್ಜಿ,” ಎಂದು ಶಿಲ್ಪಾ ತಲೆ ಹೊರಹಾಕಿದಳು. “ಪ್ಲಾಸ್ಟಿಕ್ಕು.”

“ಪ್ಲಾಸ್ಟಿಕ್ಕಿಗೆ ಎಂಥ ಮೈಲಿಗೆ. ಹಿಡೀರಿ.”

ದ್ರಾಕ್ಷಾಯಣಿ ಒಂದು ಕಡೆಯ ಗೂಟ ಕಿತ್ತಳು. ಶಿಲ್ಪಾ ಕ್ಯಾನು ಹಿಡಿದು ಕೂತಳು. ಹೊದಿಕೆಯ ಇನ್ನೊಂದು ತುದಿ ಎತ್ತಲು ಒಬ್ಬರು ಬೇಕಿತ್ತು. ಉಮಾಶಂಕರ್ ಕ್ಯಾಮೆರಾದ ಕಡೆ ನೋಡಿದ. ಇಬ್ಬನಿ ತಾಗದಿರಲೆಂದು ಅದರ ಕಣ್ಣಿಗೆ ಮುಚ್ಚಳ ಹಾಕಿದ್ದ.

“ಬತ್ತೀರೋ ಇಲ್ವೋ?” ಎಂದಳು ದ್ರಾಕ್ಷಾಯಣಿ.

ಅವನು ಬಂದ.

“ಬೂಟು ಬಿಡಪ್ಪ,” ಎಂದರು ತಾಯಿ. ಬೂಟು ಬಿಟ್ಟ.

ಇಬ್ಬರೂ ಹೊದಿಕೆಯನ್ನು ನಿಧಾನವಾಗಿ ವಾಲಿಸಿದರು. ಹನಿಗಳು ಒಂದಕ್ಕೊಂದು ಸೇರಿ, ಅಲ್ಲಲ್ಲಿ ನಿಂತು, ಕೊನೆಗೆ ಎಳೆಯಾಗಿ ಕ್ಯಾನಿಗೆ ಇಳಿದವು. “ಅಲ್ಲಾಡಿಸ್ಬೇಡಿ, ಚೆಲ್ತದೆ,” ಎಂದು ದ್ರಾಕ್ಷಾಯಣಿ ಗದರಿದಳು. “ನಾನೆಲ್ಲಿ ಅಲ್ಲಾಡಿಸಿದೆ?” ಎಂದು ಅವನು ಗೊಣಗಿದ. ಒಂದು ಬಟ್ಟಲಿನಷ್ಟು ನೀರಾಯಿತು.

“ಇಷ್ಟೇ ಧಾರಾಳ ಆಯ್ತು,” ಎನ್ನುತ್ತಾ ವಿಶಾಲಮ್ಮ ಕ್ಯಾನು ಹಿಡಿದು ಕೂರಲು ಜಾಗ ಹುಡುಕಿದರು. ಎತ್ತ ನೋಡಿದರೂ ಮುಳ್ಳುಹುಲ್ಲು, ಆಡಿನ ಹಿಕ್ಕೆ. ಆಮೇಲೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಡೆದುಹೋಗಿ, ಕ್ಯಾಮೆರಾದ ಮುಂದಿನ ಒದ್ದೆ ಬಂಡೆಯ ನಟ್ಟನಡುವೆ ಮೂಡಣಕ್ಕೆ ಮುಖ ಮಾಡಿ ಕೂತುಬಿಟ್ಟರು.

“ಅವ್ವ, ಅಲ್ಲಿ...”

“ಏನಪ್ಪ? ನೀನೇ ತೊಳ್ದಿದೀಯಲ್ಲ.”

ವಿಶಾಲಮ್ಮ ಹಣೆಗೆ ವಿಭೂತಿ ಧರಿಸಿ, ಕೊರಳಿನ ಕರಡಿಗೆಯಿಂದ ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡು, ಇಬ್ಬನಿಯ ನೀರನ್ನು ಹನಿಹನಿಯಾಗಿ ಎರೆದರು. ಕೈ ನಡುಗುತ್ತಲೇ ಇತ್ತು. ದ್ರಾಕ್ಷಾಯಣಿ ಬೆಲ್ಲ ಹಿಡಿದು ಅವರ ಹಿಂದೆಯೇ ಕುಕ್ಕರಗಾಲಲ್ಲಿ ಕೂತಳು, ವಾಲಿದರೆ ಹಿಡಿಯಲು.

ಕೆರೆಯಾಚೆ ಸೂರ್ಯ ಎದ್ದ. ಮೋಡವಿರಲಿಲ್ಲ. ನೀರೆಲ್ಲ ಕೆಂಪಾಯಿತು.

“ಪಪ್ಪಾ, ಸನ್‌ರೈಸ್,” ಎಂದು ಶಿಲ್ಪಾ ಪಿಸುಗುಟ್ಟಿದಳು.

“ಸುಮ್ನಿರು. ಪೂಜೆ ಮಾಡ್ತಾವ್ರೆ.” ನೀರು ಸಾಲದೆ ಬಂದರೆ ಎಂದೋ ಏನೋ, ಅವನು ಹೊದಿಕೆಯ ಮೂಲೆಯನ್ನು ಇನ್ನೂ ಎತ್ತಿ ಹಿಡಿದೇ ನಿಂತಿದ್ದ.

ವಿಶಾಲಮ್ಮ ಅವಸರ ಮಾಡಿದವರಲ್ಲ. ಲಿಂಗವನ್ನು ಕಣ್ಣಿಗೊತ್ತಿ, ಕರಡಿಗೆಯಲ್ಲಿಟ್ಟು, ತೀರ್ಥ ತೆಗೆದುಕೊಂಡ ಮೇಲೆಯೇ ಬಾಯಿ ತೆರೆದದ್ದು. ದ್ರಾಕ್ಷಾಯಣಿ ಬೆಲ್ಲ ಇಟ್ಟಳು. ರೊಟ್ಟಿ ಮುರಿದು ಕೊಟ್ಟಳು. ಅದನ್ನು ಅಗಿಯುವ ಸದ್ದು ಕೇಳಿದ ಮೇಲೆ ಅವಳಿಗೆ ಸರಿಯಾಗಿ ಉಸಿರು ಬಂತು. ಅಷ್ಟು ಹೊತ್ತಿಗೆ ಸೂರ್ಯ ಕೆಂಪು ಕಳೆದುಕೊಂಡು ಮೇಲೇರಿದ್ದ.

“ಮುಂದಿನ ಸಲ ಬಂಡೆಗೇ ಅಂತ ಬ್ಯಾರೆ ಕ್ಯಾನು ತರಾಣ ಕಣೇ,” ಎಂದ ಉಮಾಶಂಕರ್.

ದ್ರಾಕ್ಷಾಯಣಿ ಅವನ ಕಡೆ ನೋಡಿದಳು. ಅತ್ತೆಯ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು.

ಗಾಳಿಗೂ ಬಿಸಿಲಿಗೂ ಬಂಡೆಯೆಲ್ಲ ಒಣಗಿ ಬೆಳ್ಳಗಾಗಿತ್ತು. ವಿಶಾಲಮ್ಮ ಕೂತಿದ್ದಷ್ಟು ಜಾಗ ಮಾತ್ರ ಕಪ್ಪಗೆ, ಒದ್ದೆಯಾಗಿ ಬಿಸಿಲಿಗೆ ಹೊಳೆಯಿತು. ಉಮಾಶಂಕರ್ ಬರಿಗಾಲಲ್ಲಿ ನಿಂತು ಅದು ಅಂಚಿನಿಂದ ಒಣಗುತ್ತಾ ಬರುವುದನ್ನು ನೋಡಿದ. ಕ್ಯಾಮೆರಾದ ಮುಚ್ಚಳ ಇನ್ನೂ ಹಾಕಿಯೇ ಇತ್ತು.