ಹಾಡು ಬಿಟ್ಟ ಮನೆ

ಎದುರು ಗೋಡೆಯ ಸುಣ್ಣದ ಮೇಲೆ ಬಿಸಿಲು ಇಳಿಯುತ್ತಿದೆ, ಜೆರೇನಿಯಂ ಕುಂಡಗಳ ತನಕ ಬಂತು, ಇವತ್ತೇ ಇಷ್ಟು ಕೆಂಪಾಗಿ ಅರಳಬೇಕಿತ್ತೇ, ಈ ಹೆರೇಸ್ ಊರಿನ ಬೆಳಕಿಗೆ ನಾಚಿಕೆಯೇ ಇಲ್ಲ, ಸಾವಿನ ಮನೆ ಮದುವೆ ಮನೆ ಎಂದು ನೋಡುವುದಿಲ್ಲ — ಕಿತ್ತಳೆ ಹೂವಿನ ವಾಸನೆಯೂ ಹಾಗೆಯೇ, ಮಗ ರಮೋನನ ಹೆಣ ಈ ಬಾಗಿಲು ದಾಟಿದ ದಿನವೂ ಇದೇ ವಾಸನೆ, ನನಗೆ ಹಿತವೆನಿಸಿತ್ತು, ಥೂ, ಹೆತ್ತವಳಿಗೆ ಆ ಹೊತ್ತಿನಲ್ಲಿ ಹಿತ. ಆಚೆ ಅಂಗಳದಲ್ಲಿ ಚಪ್ಪಾಳೆ ಶುರುವಾಯಿತು, ನಾದಿನಿ ಎನ್ಕಾರ್ನಾಳ ಮಗಳು ಸರಾಯಳ ಮದುವೆ, ಬುಲೆರಿಯಾ, ನಮ್ಮ ಮದುವೆ ಕುಣಿತದ ತಾಳ, ಯಾರೋ ಅದನ್ನು ಓಡಿಸುತ್ತಿದ್ದಾರೆ, ನನ್ನ ಮಗ ಇದ್ದಿದ್ದರೆ ಕಣ್ಣಲ್ಲೇ ಗದರುತ್ತಿದ್ದ, ಅವನ ಬೈಕು ಕಾದಿಸ್ ಊರಿನ ರಸ್ತೆ ಹಿಡಿಯದಿದ್ದರೆ — ಮೇಜಿನಾಚೆ ಬೆನಿತೊ, ನನ್ನ ಗಂಡ, ಹಲಗೆಯ ಮೇಲೆ ಅಂಗೈ ಬೋರಲು ಹಾಕಿ ಕೂತಿದ್ದಾನೆ, ಹಾಡಿದರೆ ಅವನ ದನಿಗೆ ಬೀದಿಯೇ ನಿಲ್ಲುತ್ತಿತ್ತು, ಈಗ ಗಡ್ಡ ಎದೆಗಿಳಿದಿದೆ. ಮಗ ಸತ್ತ ಮನೆಯಲ್ಲಿ ತಾಯಿ ಬಾಯಿಬಿಟ್ಟು ಹಾಡಿ ಎನ್ನುವ ತನಕ ಯಾರೂ ಹಾಡುವಂತಿಲ್ಲ, ಊರವರು ಜಿಪ್ಸಿಗಳೆನ್ನುವ ನಮ್ಮ ಹಿತಾನೊ ಜನದ ಕಟ್ಟಳೆ, ಟಿವಿಗೆ ಮುಸುಕು ಹಾಕಿದೆವು, ಹಾಡುವ ಹಕ್ಕಿಯನ್ನು ಪಂಜರ ಸಮೇತ ಯಾರಿಗೋ ಕೊಟ್ಟೆವು.

ಬೆಳಿಗ್ಗೆ ಎನ್ಕಾರ್ನಾ ಬಂದು ಹೊಸಿಲಲ್ಲೇ ನಿಂತಳು, ಅತ್ತಿಗೆ, ಒಂದು ಮಾತು ಹೇಳ್ಬಿಡು, ನಮ್ಮಣ್ಣ ಹಾಡ್ದೇ ಇದ್ರೆ ಅದೂ ಒಂದು ಮದ್ವೆನಾ, ನೋಡು, ಅವನೂ ಸಾಯ್ತಿದಾನೆ, ಒಬ್ಬನನ್ನ ಮಣ್ಣು ಮಾಡಿದ್ದು ಸಾಲ್ದಾ ನಿಂಗೆ, ನಾನು ಕಡಲೆ ತೊಳೆಯುತ್ತಲೇ ಇದ್ದೆ, ನಿನ್ನ ಮಗಳು ಬದುಕಿದಾಳಲ್ಲ, ಹೋಗು, ಕುಣಿಸು ಎಂದೆ, ಅವಳ ಮುಖ ಬಿಳಿಚಿಕೊಂಡಿತು. ಅವಳು ಸುಳ್ಳೇನೂ ಹೇಳಲಿಲ್ಲ, ನಿನ್ನೆ ಬೆನಿತೊನೇ, ನನ್ನ ಮುಖ ನೋಡದೆ, ನೀನು ಬೇಡ ಅಂದ್ರೆ ಬೇಡ ಕಣೇ, ಆದ್ರೆ ನನ್ನ ಗಂಟಲು ಮುಚ್ಕೊಳ್ತಿದೆ ಎಂದ — ನಾನು ಹಾಡು ಎಂದರೆ ಮುಗಿಯಿತು, ರಮೋನ್ ಸತ್ತ ಎಂದು ನಾನೇ ಒಪ್ಪಿದಂತೆ, ಇವನು ಹಾಡಿ, ಅತ್ತು, ಹಗುರಾಗುತ್ತಾನೆ, ನಾನೆಲ್ಲಿಗೆ ಹೋಗಲಿ, ನನಗೆ ಹಾಡಲು ಬರುವುದಿಲ್ಲವಲ್ಲ, ಈ ಮನೆಯಲ್ಲಿ ಹಾಡು ಬಾರದವಳು ನಾನೊಬ್ಬಳೇ.

ಟಕ್, ಟಕ್ಕಟಕ್, ಇದು ಅಂಗಳದ್ದಲ್ಲ, ಮೇಜಿನದು, ಬೆನಿತೊನ ಬೆರಳು, ತನಗೇ ಗೊತ್ತಿಲ್ಲದೆ, ಅಂಗಳದಲ್ಲಿ ಓಡುವ ತಾಳವನ್ನು ಹಿಂದಕ್ಕೆಳೆದು ಸರಿಮಾಡುತ್ತಿದೆ, ಎಷ್ಟು ಚೆಂದ, ಎಷ್ಟು ಚೆಂದವಪ್ಪಾ, ಹೊಟ್ಟೆ ಉರಿಯುತ್ತದೆ, ನನ್ನ ಹಿಮ್ಮಡಿಯೂ ಏಳುತ್ತಿದೆ, ಪಾಪಿ ಹಿಮ್ಮಡಿ, ಅವನು ತಲೆಯೆತ್ತಿದ, ನನ್ನ ಬಾಯನ್ನೇ ನೋಡುತ್ತಿದ್ದಾನೆ, ಅವನ ಗಂಟಲ ಮಣಿ ಏರಿತು, ಹೇಳು, ಹೇಳಿಬಿಡೇ, ಹಾಡು ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದಿದೆ — ಅವನ ಕೈ ಮೇಲೆ ನನ್ನ ಕೈ, ಒತ್ತುತ್ತೇನೆ, ಅಡಿಯಲ್ಲಿ ಬೆರಳುಗಳು ಇನ್ನೂ ಮಿಡಿಯುತ್ತಿವೆ, ಒತ್ತುತ್ತೇನೆ, ಮಿಡಿಯುತ್ತಿವೆ, ಒತ್ತುತ್ತೇನೆ, ನಿಂತವು, ನನ್ನ ಕೈಯಡಿ ಅವನ ಕೈ, ತಣ್ಣಗೆ, ನಾನು ಕೈ ತೆಗೆಯುವುದಿಲ್ಲ